ಅಂಗಿಗೆ ಏಳು ತಪ್ಪಿನ ರಿಯಾಯಿತಿ, ಕೈಗೆ ಒಂದೂ ಇಲ್ಲವೇ?



ತೋಟದಲ್ಲಿ ದುಡಿಯುವವರಿಗೆ ತೂಕದ ಹೊತ್ತು ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಗಿನಿಂದ ಬಗ್ಗಿ ಕೊಯ್ದ ಕಾಫಿ ಹಣ್ಣು, ಕಿತ್ತ ಟೀ ಎಲೆ, ಸಾಯಂಕಾಲ ರೈಟರ ಮುಂದೆ ಬಂದು ನಿಲ್ಲುತ್ತದೆ. ಹಣ್ಣಿನ ಜೊತೆ ಹಸಿರು ಕಾಯಿ ಎಷ್ಟು ಬಿದ್ದಿದೆ, ಎಳೆಯ ಎಲೆಯ ನಡುವೆ ಬಲಿತದ್ದು ಎಷ್ಟು, ಮಳೆ ನೀರಿಗೆಂದು ತೂಕದಲ್ಲಿ ಎಷ್ಟು ಕಳೆಯಬೇಕು ಎಂದು ನೋಡಿ ಅವರು ಬರೆದ ಅಂಕಿಯೇ ಆ ದಿನದ ದುಡಿಮೆಯ ಬೆಲೆ. ತೂಕವೇ ಬೇಡವೆಂದು ನಾವು ಯಾವತ್ತೂ ಹೇಳಲಿಲ್ಲ. ತಕ್ಕಡಿ ನೆಟ್ಟಗಿರಲಿ ಎಂದಷ್ಟೇ ಕೇಳಿದೆವು.

ಇಂದು ಅದೇ ಲೈನ್ ಮನೆಗಳ ಹೆಣ್ಣುಮಕ್ಕಳು ಹೊಸೂರು, ಕೃಷ್ಣಗಿರಿ ಕಡೆಯ ಉಡುಪು ಕಾರ್ಖಾನೆಗಳಿಗೆ ಬಂದು ದುಡಿಯುತ್ತಿದ್ದಾರೆ. ತಳಿ, ಕೆಲಮಂಗಲ, ದೇನಕನಿಕೋಟೆ, ಬಾಗಲೂರು ಸುತ್ತಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ಕನ್ನಡದ ಮಕ್ಕಳೂ ಅವರ ಪಕ್ಕದಲ್ಲೇ ಕೂತು ಹೊಲಿಯುತ್ತಾರೆ. ಅಲ್ಲಿಯೂ ಒಂದು ತೂಕದ ಹೊತ್ತಿದೆ. ಅದಕ್ಕೆ ಫೈನಲ್ ಇನ್‌ಸ್ಪೆಕ್ಷನ್ ಎನ್ನುತ್ತಾರೆ. ಅಂದರೆ, ಹೊಲಿದು ಮುಗಿದ ಬಟ್ಟೆ ಹಡಗು ಹತ್ತುವ ಮುಂಚೆ ನಡೆಯುವ ಕೊನೆಯ ಪರೀಕ್ಷೆ. ಮಗಳು ಫೋನಿನಲ್ಲಿ, “ಈ ವಾರ ಇನ್‌ಸ್ಪೆಕ್ಷನ್ ಇದೆ, ಮಾತಾಡಲು ಹೊತ್ತಿಲ್ಲ” ಎಂದಾಗ ಊರಿನಲ್ಲಿರುವ ತಂದೆತಾಯಿಗಳಿಗೆ ಅದೇನೆಂದು ತಿಳಿಯುವುದಿಲ್ಲ. ಅದು ತಿಳಿಯಬೇಕು. ತಿಳಿದರೆ ಆ ತಕ್ಕಡಿ ಎಲ್ಲಿ ವಾಲಿದೆ ಎಂಬುದೂ ಕಾಣುತ್ತದೆ.

ಪರೀಕ್ಷೆ ನಡೆಯುವ ರೀತಿ

ಒಂದು ಅಂಗಿ ಒಬ್ಬರ ಕೈಯಲ್ಲಿ ಆಗುವುದಿಲ್ಲ. ಒಬ್ಬಳು ಕಾಲರ್ ಹಚ್ಚುತ್ತಾಳೆ, ಇನ್ನೊಬ್ಬಳು ತೋಳು ಕೂಡಿಸುತ್ತಾಳೆ, ಮತ್ತೊಬ್ಬಳು ಕಾಜಾ ಹಾಕುತ್ತಾಳೆ. ಕತ್ತರಿಸುವವರು, ಹೊಲಿಯುವವರು, ದಾರ ಕತ್ತರಿಸುವ ಹೆಲ್ಪರುಗಳು, ಇಸ್ತ್ರಿಯವರು, ಮಡಿಸಿ ಪೆಟ್ಟಿಗೆಗೆ ತುಂಬುವವರು, ಹೀಗೆ ಹತ್ತಾರು ಕೈಗಳನ್ನು ದಾಟಿ ಅದು ಅಂಗಿಯಾಗುತ್ತದೆ. ನಡುನಡುವೆ ಚೆಕ್ಕರುಗಳು ನಿಂತು ನೋಡುತ್ತಾರೆ. ಇಷ್ಟೆಲ್ಲ ಮುಗಿದು, ಆರ್ಡರಿನ ಮಾಲು ಪೂರ್ತಿ ತಯಾರಾಗಿ, ಸಾಮಾನ್ಯವಾಗಿ ಶೇಕಡಾ 80ರಷ್ಟಾದರೂ ಪೆಟ್ಟಿಗೆಗೆ ಸೇರಿದ ಮೇಲೆ ಕೊನೆಯ ಪರೀಕ್ಷಕ ಬರುತ್ತಾನೆ. ಅವನು ಬಯ್ಯರನ ಕಡೆಯವನಿರಬಹುದು, ಪರೀಕ್ಷೆಯನ್ನೇ ವ್ಯಾಪಾರ ಮಾಡಿಕೊಂಡ ಕಂಪೆನಿಯವನಿರಬಹುದು.

ಅವನು ಎಲ್ಲ ಅಂಗಿಗಳನ್ನೂ ನೋಡುವುದಿಲ್ಲ. ಅದಕ್ಕೊಂದು ಲೆಕ್ಕವಿದೆ. 3,000 ಅಂಗಿಯ ಮಾಲಾದರೆ, ಎಲ್ಲ ಕಡೆಯ ಪೆಟ್ಟಿಗೆಗಳಿಂದ ತನ್ನಿಷ್ಟದಂತೆ 125 ಅಂಗಿಗಳನ್ನು ಆರಿಸಿಕೊಳ್ಳುತ್ತಾನೆ. ಒಂದೊಂದನ್ನೂ ಬಿಡಿಸಿ ಮೇಜಿನ ಮೇಲೆ ಹರಡಿ ಹೊಲಿಗೆ ನೋಡುತ್ತಾನೆ. ಕೆಲವಕ್ಕೆ ಟೇಪು ಹಿಡಿದು ಎದೆ, ಉದ್ದ, ತೋಳು ಅಳೆಯುತ್ತಾನೆ. ಬಣ್ಣವನ್ನು ವಿಶೇಷ ದೀಪದ ಪೆಟ್ಟಿಗೆಯಲ್ಲಿಟ್ಟು ಹೋಲಿಸುತ್ತಾನೆ. ಗುಂಡಿಯನ್ನು ಎಳೆದು ನೋಡುತ್ತಾನೆ. ಲೇಬಲ್ಲು, ಅಳತೆಯ ಚೀಟಿ, ಪೆಟ್ಟಿಗೆಯ ಮೇಲಿನ ಗುರುತು ಎಲ್ಲವನ್ನೂ ಪಟ್ಟಿಗೆ ತಾಳೆ ಹಾಕುತ್ತಾನೆ.

ಕಂಡ ತಪ್ಪುಗಳನ್ನು ಮೂರು ಗುಂಪು ಮಾಡುತ್ತಾನೆ. ಮುರಿದ ಸೂಜಿಯ ಚೂರು ಬಟ್ಟೆಯಲ್ಲಿ ಉಳಿದಿರುವಂಥದ್ದು ಅಪಾಯದ ತಪ್ಪು. ಅಂಥದ್ದು ಒಂದೇ ಒಂದು ಸಿಕ್ಕಿದರೂ ಮಾಲು ನಿಂತಿತು. ಹೊಲಿಗೆ ಬಿಟ್ಟಿರುವುದು, ತೂತು, ಎದ್ದು ಕಾಣುವ ಕಲೆ, ಅಳತೆ ಮೀರಿದ್ದು ದೊಡ್ಡ ತಪ್ಪು. ಕತ್ತರಿಸದೆ ಉಳಿದ ದಾರದ ತುದಿಯಂಥದ್ದು ಚಿಕ್ಕ ತಪ್ಪು. ಹೆಚ್ಚಿನ ಬಯ್ಯರುಗಳು ಬಳಸುವ ಅಳತೆಯಲ್ಲಿ, 125 ಅಂಗಿಗಳಲ್ಲಿ ದೊಡ್ಡ ತಪ್ಪು 7ರವರೆಗೆ ಇದ್ದರೆ ಮಾಲು ಪಾಸು. 8 ಆದರೆ ಫೇಲು. ಚಿಕ್ಕ ತಪ್ಪು 10ರವರೆಗೆ ನಡೆಯುತ್ತದೆ, 11 ಆದರೆ ಇಲ್ಲ. ಮಾಲು 1,000 ಇದ್ದರೆ 80 ಅಂಗಿ ನೋಡಿ ದೊಡ್ಡ ತಪ್ಪು 5ರವರೆಗೆ ಬಿಡುತ್ತಾರೆ. 5,000 ಇದ್ದರೆ 200 ನೋಡಿ 10ರವರೆಗೆ ಬಿಡುತ್ತಾರೆ.

ಈ ಲೆಕ್ಕ ಹುಟ್ಟಿದ್ದು ಬಟ್ಟೆಗಾಗಿ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ರಾಶಿ ರಾಶಿ ಮದ್ದುಗುಂಡು, ಸಾಮಾನು ಕೊಳ್ಳುತ್ತಿತ್ತು. ಗುಂಡು ಹಾರುತ್ತದೆಯೋ ಇಲ್ಲವೋ ಎಂದು ಎಲ್ಲವನ್ನೂ ಹಾರಿಸಿ ನೋಡಿದರೆ ಯುದ್ಧಕ್ಕೆ ಉಳಿಯುವುದೇನು? ಆದುದರಿಂದ ರಾಶಿಯಿಂದ ಕೆಲವನ್ನು ತೆಗೆದು ನೋಡಿ ಇಡೀ ರಾಶಿಯನ್ನು ತೀರ್ಮಾನಿಸುವ ಕೋಷ್ಟಕಗಳನ್ನು ಗಣಿತ ಬಲ್ಲವರು ಮಾಡಿಕೊಟ್ಟರು. 1950ರಲ್ಲಿ ಅದು ಅಲ್ಲಿನ ಸೈನ್ಯದ ಕಟ್ಟಳೆಯಾಯಿತು. 1974ರಲ್ಲಿ ಐಎಸ್‌ಓ 2859 ಎಂಬ ಹೆಸರಿನಲ್ಲಿ ಲೋಕಕ್ಕೆಲ್ಲ ಸಾಮಾನ್ಯವಾಯಿತು. ಇಂದು ಹೊಸೂರಿನಲ್ಲಿ ಹೊಲಿದ ಮಕ್ಕಳ ಫ್ರಾಕಿಗೂ ಆ ಮದ್ದುಗುಂಡಿನ ಲೆಕ್ಕವೇ.

ಆ ಲೆಕ್ಕದಲ್ಲಿ ಅಡಗಿರುವ ಸತ್ಯ

ಬಂಧುಗಳೇ, ಆ 7 ಎಂಬ ಅಂಕಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಯ್ಯರು ಬಲು ಬಿಗಿಯಾದ ವ್ಯಾಪಾರಿ. ನಾಲ್ಕು ಕಾಸು ಉಳಿಸಲು ಒಂದು ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಹೋಗುವವನು. ಅಂಥವನೂ 125 ಅಂಗಿಯಲ್ಲಿ ಒಂದು ತಪ್ಪೂ ಇರಬಾರದು ಎಂದು ಬರೆಯಲಿಲ್ಲ. ಕರುಣೆಯಿಂದಲ್ಲ, ಲೆಕ್ಕದಿಂದ. ಮನುಷ್ಯರ ಕೈ ಮಾಡಿದ ಕೆಲಸದಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಉಳಿಯುತ್ತದೆ, ಅದನ್ನು ಪೂರ್ತಿ ಅಳಿಸಲು ಹೊರಟರೆ ಅಂಗಿಯ ಬೆಲೆ ಕೈಗೆಟುಕುವುದಿಲ್ಲ ಎಂಬುದು ಅವನಿಗೆ ಗೊತ್ತು. ತಪ್ಪನ್ನು ಕಂಡಾಗ ಪರೀಕ್ಷಕ ಏನು ಮಾಡುತ್ತಾನೆ? ಅಂಗಿಯನ್ನು ಬೈಯುವುದಿಲ್ಲ. ಎಲ್ಲಿ ತಪ್ಪಾಗಿದೆ ಎಂದು ಬಾಣದ ಗುರುತಿನ ಸ್ಟಿಕ್ಕರ್ ಅಂಟಿಸಿ, ಯಾವ ತರಹದ ತಪ್ಪು ಎಂದು ಬರೆದು, ಎಣಿಸಿ, ಪಕ್ಕಕ್ಕಿಡುತ್ತಾನೆ.

ಈಗ ಅದೇ ಕಾರ್ಖಾನೆಯ ಹೊಲಿಗೆ ಲೈನಿಗೆ ಬನ್ನಿ. ಅಲ್ಲಿ ಟೈಲರಿನ ಕೈಗೆ ಈ ರಿಯಾಯಿತಿ ಇದೆಯೇ? ಗಂಟೆಗೆ ಇಷ್ಟು ಪೀಸು ಎಂದು ಬೋರ್ಡಿನ ಮೇಲೆ ಟಾರ್ಗೆಟ್ ಬರೆದಿರುತ್ತದೆ. ಎರಡು ಪೀಸು ಆಲ್ಟ್ರೇಷನ್ನಿಗೆ ಹಿಂದಿರುಗಿದರೆ ಎಲ್ಲರ ಎದುರಿಗೆ ನಿಲ್ಲಿಸಿ ಬೈಗುಳ. ಬಟ್ಟೆ ಮುಖಕ್ಕೆ ಬಂದು ಬಿತ್ತು ಎಂದು, ತಂದೆತಾಯಿಯ ಹೆಸರೆತ್ತಿ ಬೈದರು ಎಂದು, ಮೂತ್ರಕ್ಕೆ ಹೋದ ಐದು ನಿಮಿಷವನ್ನೂ ಕೂಗಿ ಎಣಿಸಿದರು ಎಂದು ಸಂಘದ ಕೂಟಗಳಲ್ಲಿ ಹೆಣ್ಣುಮಕ್ಕಳು ಹೇಳಿಕೊಳ್ಳುವುದು ಹೊಸ ಮಾತಲ್ಲ. ಅಂಗಿಯ ತಪ್ಪಿಗೆ ಸ್ಟಿಕ್ಕರ್, ಕೈಯ ತಪ್ಪಿಗೆ ಬೈಗುಳ. ಅಂಗಿಗೆ ಏಳು, ಕೈಗೆ ಸೊನ್ನೆ.

ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು, ಎರಡು ತರಹದ ತೂಕದ ಕಲ್ಲು ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದಲ್ಲಿ ದೇವರು ಕಟ್ಟಳೆ ಕೊಟ್ಟಿದ್ದಾರೆ. ಅದನ್ನು ನಾವು ಸಂತೆಯ ವ್ಯಾಪಾರಿಗೆ ಮಾತ್ರ ಎಂದು ತಿಳಿದಿದ್ದೇವೆ. ಒಂದೇ ಸೂರಿನ ಕೆಳಗೆ ಮಾಲಿಗೊಂದು ಕಲ್ಲು, ಮನುಷ್ಯರಿಗೊಂದು ಕಲ್ಲು ಇಟ್ಟರೆ ಅದೂ ಅದೇ ಪಾಪವೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಂಗಿ ಇಷ್ಟೊಂದು ಕೈ ದಾಟುತ್ತದಲ್ಲ, ಪ್ರತಿ ಕೈಯೂ ನೂರಕ್ಕೆ ಎರಡು ತಪ್ಪು ಮಾಡಿದರೆ ಕೊನೆಗೆ ಹೆಚ್ಚುಕಡಿಮೆ ಪ್ರತಿ ಎರಡನೆಯ ಅಂಗಿಯಲ್ಲೂ ತಪ್ಪು ಉಳಿಯುವುದಿಲ್ಲವೇ ಎಂದು ಮ್ಯಾನೇಜರು ಕೇಳಬಹುದು. ಮಾತು ಸರಿಯೇ. ಪ್ರತಿಯೊಬ್ಬಳ ಕೆಲಸವೂ ಬಹಳ ಅಚ್ಚುಕಟ್ಟಾಗಿಯೇ ಇರಬೇಕು. ಆದರೆ ಅಚ್ಚುಕಟ್ಟು ಬರುವುದು ಕೂಗಿನಿಂದಲೋ, ಸಮಯದಿಂದಲೋ? ನಡುಗುವ ಕೈ ಇನ್ನಷ್ಟು ತಪ್ಪು ಹೊಲಿಯುತ್ತದೆ. ಪ್ರತಿ ಕೈಯೂ ಅಷ್ಟು ಶುದ್ಧವಾಗಿರಬೇಕಾದರೆ ಪ್ರತಿ ಕೈಗೂ ಅಷ್ಟು ಹೊತ್ತು ಕೊಡಬೇಕು. ತಪ್ಪು ಬೇಡ, ಹೊತ್ತೂ ಕೊಡುವುದಿಲ್ಲ ಎಂದರೆ ಅದು ನ್ಯಾಯವಲ್ಲ.

ತಪ್ಪಿನ ಬೇರು ಎಲ್ಲಿದೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮದು. ಇನ್‌ಸ್ಪೆಕ್ಷನ್ನಿನಲ್ಲಿ ಸಿಕ್ಕುವ ತಪ್ಪುಗಳನ್ನು ಒಂದೊಂದಾಗಿ ನೋಡಿದರೆ ಗಾದೆ ಎಷ್ಟು ನಿಜವೆಂದು ತಿಳಿಯುತ್ತದೆ. ಹೊಲಿಗೆ ನಡುವೆ ಹಾರಿದ್ದರೆ ಬಹಳ ಸಲ ಸೂಜಿ ಮೊಂಡಾಗಿರುತ್ತದೆ, ಇಲ್ಲವೇ ಮಷೀನಿನ ದಾರದ ಬಿಗಿ ತಪ್ಪಿರುತ್ತದೆ. ಎಣ್ಣೆ ಕಲೆ ಮಷೀನು ಸೋರಿದ್ದರಿಂದ. ಒಂದೇ ಅಂಗಿಯ ಎದೆಗೊಂದು ಬಣ್ಣ ತೋಳಿಗೊಂದು ಬಣ್ಣ ಬಂದರೆ ಬೇರೆ ಬೇರೆ ಥಾನಿನ ತುಂಡುಗಳು ಕಟಿಂಗಿನಲ್ಲೇ ಬೆರೆತಿವೆ. ಟೀ ಶರ್ಟಿನ ಹೆಣೆದ ಬಟ್ಟೆಯನ್ನು ಸುರುಳಿ ಬಿಚ್ಚಿ ಸಾಕಷ್ಟು ಹೊತ್ತು ಹಾಗೇ ಹರಡಿ ಬಿಡಬೇಕು. ಆತುರದಲ್ಲಿ ಹಾಗೇ ಕತ್ತರಿಸಿದರೆ ಆಮೇಲೆ ಕುಗ್ಗಿ ಅಳತೆ ತಪ್ಪುತ್ತದೆ. ಇದರಲ್ಲಿ ಹೊಲಿದವಳ ಪಾಪವೇನು? ಆದರೆ ಪೀಸು ಹಿಂದಿರುಗಿ ಬರುವುದು ಹೆಚ್ಚಾಗಿ ಅವಳ ಮೇಜಿಗೇ.

ಇದಕ್ಕಿಂತ ದೊಡ್ಡ ಬೇರು ದಿನಗಳ ಲೆಕ್ಕದಲ್ಲಿದೆ. ಡಿಸೈನನ್ನು ಒಪ್ಪುವುದರಲ್ಲಿ ಬಯ್ಯರು ತಡ ಮಾಡುತ್ತಾನೆ. ಬಟ್ಟೆ ಮಿಲ್ಲಿನಿಂದ ತಡವಾಗಿ ಬರುತ್ತದೆ. ಗುಂಡಿಯೋ ಜಿಪ್ಪೋ ಬಂದಿರುವುದಿಲ್ಲ. ಆದರೆ ಹಡಗಿನ ದಿನ ಮಾತ್ರ ಅಲ್ಲಾಡುವುದಿಲ್ಲ. ಹಡಗು ತಪ್ಪಿದರೆ ವಿಮಾನದಲ್ಲಿ ಕಳಿಸಬೇಕು, ಆ ಖರ್ಚು ಬಹಳ ಸಲ ಕಾರ್ಖಾನೆಯ ತಲೆಗೆ. ಮೇಲಿನವರು ಕಳೆದ ದಿನಗಳನ್ನೆಲ್ಲ ಕೆಳಗಿನವರು ರಾತ್ರಿಗಳಾಗಿ ತುಂಬಿಕೊಡಬೇಕಾಗುತ್ತದೆ. ಪರೀಕ್ಷೆಯಲ್ಲಿ ಫೇಲಾದರಂತೂ 3,000 ಅಂಗಿಯ ಪೆಟ್ಟಿಗೆಗಳನ್ನೂ ಮತ್ತೆ ಒಡೆದು, ಒಂದೊಂದನ್ನೂ ಬಿಡಿಸಿ, ನೋಡಿ, ತಿದ್ದಿ, ಇಸ್ತ್ರಿ ಮಾಡಿ, ಮತ್ತೆ ತುಂಬಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ವಿಮೋಚನಕಾಂಡದ 5ನೆಯ ಅಧ್ಯಾಯ ನೆನಪಿಗೆ ಬರುತ್ತದೆ. ಇಟ್ಟಿಗೆಗೆ ಬೇಕಾದ ಹುಲ್ಲನ್ನು ಫರೋಹ ನಿಲ್ಲಿಸಿದ. ಹುಲ್ಲನ್ನು ನೀವೇ ಹುಡುಕಿಕೊಳ್ಳಿ, ಆದರೆ ದಿನದ ಇಟ್ಟಿಗೆಯ ಲೆಕ್ಕದಲ್ಲಿ ಒಂದೂ ಕಡಿಮೆಯಾಗಕೂಡದು ಎಂದ. ಲೆಕ್ಕ ತಪ್ಪಿದಾಗ ಪೆಟ್ಟು ಬಿದ್ದದ್ದು ಯಾರಿಗೆ? ಜನರ ಮೇಲೆ ಮೇಸ್ತ್ರಿಗಳಾಗಿ ನೇಮಕಗೊಂಡಿದ್ದ ಇಸ್ರಯೇಲರಿಗೇ. ಅವರು ಹೋಗಿ ಫರೋಹನಲ್ಲಿ ಮೊರೆಯಿಟ್ಟರೆ, ನೀವು ಮೈಗಳ್ಳರು ಎಂಬ ಉತ್ತರ ಸಿಕ್ಕಿತು. ಬಟ್ಟೆ ತಡವಾಗಿ ಕೊಟ್ಟು ಟಾರ್ಗೆಟ್ ಇಳಿಸದ ಕಾರ್ಖಾನೆಗಳು ಈ ಅಧ್ಯಾಯವನ್ನು ಒಮ್ಮೆ ಓದಿಕೊಳ್ಳಲಿ.

ಚೆಕ್ಕರು ನಮ್ಮವಳೇ

ನಮ್ಮ ಸಂಘದೊಳಗೇ ಒಂದು ಮಾತು ಓಡಾಡುತ್ತದೆ. ಚೆಕ್ಕರೆಂದರೆ ಮಾಲೀಕನ ಕಡೆಯವಳು, ಟೈಲರುಗಳ ವೈರಿ, ಅವಳನ್ನು ಸಂಘಕ್ಕೆ ಸೇರಿಸಬಾರದು ಎಂದು. ಇದನ್ನು ನಾನು ಒಪ್ಪುವುದಿಲ್ಲ. ಅವಳೂ ಕೂಲಿಗೆ ನಿಂತವಳು, ಇಡೀ ದಿನ ನಿಂತೇ ಇರುವವಳು. ಪೀಸು ಹಿಂದಕ್ಕೆ ಹಾಕಿದರೆ ಲೈನಿನವರ ಸಿಟ್ಟು. ಪ್ರೊಡಕ್ಷನ್ ಕಡಿಮೆಯಾದರೆ, “ಇದನ್ನೆಲ್ಲ ಯಾಕೆ ಹಿಡಿಯುತ್ತೀ, ಬಿಟ್ಟುಬಿಡು” ಎಂದು ಫ್ಲೋರ್ ಇನ್‌ಚಾರ್ಜ್ ಗದರುತ್ತಾನೆ. ಅದೇ ಪೀಸು ಕೊನೆಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ, “ನಿನ್ನ ಕಣ್ಣು ಎಲ್ಲಿತ್ತು?” ಎಂದು ಅವನೇ ಕೇಳುತ್ತಾನೆ. ಫರೋಹನ ಕಾಲದ ಆ ಮೇಸ್ತ್ರಿಗಳ ಸ್ಥಿತಿ ಇಂದು ಇವಳದ್ದು.

ಚೆಕ್ಕರಿನ ಮಾತಿಗೆ ಬೆಲೆ ಇರಬೇಕಾದರೆ ಅವಳು ಪ್ರೊಡಕ್ಷನ್‌ನವರ ಅಂಕೆಯಲ್ಲಿ ಇರಕೂಡದು. ಅಳೆಯುವವನು ಬೇರೆ, ಲಾಭ ಎಣಿಸುವವನು ಬೇರೆ ಆಗಿರಬೇಕು. ಬೆಳಿಗ್ಗೆ ಹತ್ತು ಗಂಟೆಗೇ, “ಈ ಮಷೀನಿನಲ್ಲಿ ಹೊಲಿಗೆ ಹಾರುತ್ತಿದೆ, ನಿಲ್ಲಿಸಿ” ಎಂದು ಅವಳು ಹೇಳಬಲ್ಲಳಾದರೆ, ಹತ್ತು ಪೀಸಿನಲ್ಲಿ ಮುಗಿಯುವ ತಪ್ಪು ಸಾವಿರ ಪೀಸಿಗೆ ಹೋಗುವುದಿಲ್ಲ. ಕೊನೆಯ ರಾತ್ರಿಯ ಗೋಳೂ ಇರುವುದಿಲ್ಲ. ಟೈಲರಿಗೂ ಚೆಕ್ಕರಿಗೂ ಜಗಳ ಹಚ್ಚಿ ತಾವು ಪಾರಾಗುವವರ ಆಟಕ್ಕೆ ನಾವು ಸಿಕ್ಕಬಾರದು.

ಬಟ್ಟೆಯನ್ನು ನೋಡಿದರು, ಬಾಗಿಲನ್ನು ನೋಡಲಿಲ್ಲ

ಇನ್ನೂ ಗಂಭೀರವಾದ ವಿಷಯವೊಂದಿದೆ. ಗುಂಡಿಯ ಬಿಗಿಯನ್ನು ಎಳೆದು ನೋಡುವ ಕಣ್ಣು ಆ ಗುಂಡಿ ಹಚ್ಚಿದವಳನ್ನು ನೋಡುತ್ತದೆಯೇ?

2012ರ ಸೆಪ್ಟೆಂಬರ್ 11ರಂದು ಪಾಕಿಸ್ತಾನದ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಉಡುಪು ಕಾರ್ಖಾನೆಯಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಮಂದಿ ಸತ್ತರು. ಬೆಂಕಿ ಹಚ್ಚಿದ್ದು ದುಷ್ಕರ್ಮಿಗಳೆಂದು 2020ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಆದರೆ ಒಳಗಿದ್ದವರು ಹೊರಗೆ ಬರಲಾಗಲಿಲ್ಲವಲ್ಲ, ಅದಕ್ಕೆ ಕಿಟಕಿಗಳಿಗೆ ಕಬ್ಬಿಣದ ಸರಳು ಬಿಗಿದಿದ್ದು, ಬಾಗಿಲುಗಳಿಗೆ ಬೀಗ ಜಡಿದಿದ್ದು ಕಾರಣ. ಕೆಲವೇ ವಾರಗಳ ಹಿಂದೆ ಅದೇ ಕಾರ್ಖಾನೆಗೆ, ಇಲ್ಲಿ ಕೆಲಸಗಾರರ ಸ್ಥಿತಿಗತಿ ಚೆನ್ನಾಗಿದೆ ಎಂಬ ಎಸ್‌ಎ 8000 ಸರ್ಟಿಫಿಕೇಟು ಸಿಕ್ಕಿತ್ತು.

ಮರುವರ್ಷ, 2013ರ ಏಪ್ರಿಲ್ 24ರಂದು, ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿಯಿತು. 1,134 ಮಂದಿ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಉಡುಪು ಕಾರ್ಖಾನೆಗಳು ಮಾತ್ರ ಹೆಂಗಸರನ್ನು ಒಳಗೆ ಕರೆದವು, ಏಕೆಂದರೆ ಆರ್ಡರು ಮುಗಿಯಬೇಕಿತ್ತು. ಅಂಗಿಯ ಅಳತೆಯಲ್ಲಿ ಅರ್ಧ ಇಂಚು ವ್ಯತ್ಯಾಸ ಕಂಡರೆ ಮಾಲು ನಿಲ್ಲಿಸುವ ವ್ಯಾಪಾರ, ಗೋಡೆಯ ಬಿರುಕನ್ನು ಕಂಡು ಕೆಲಸ ನಿಲ್ಲಿಸಲಿಲ್ಲ.

ಇಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ 2021ರ ಜನವರಿಯಲ್ಲಿ ಇಪ್ಪತ್ತು ವರ್ಷದ ದಲಿತ ಹೆಣ್ಣುಮಗಳು, ಉಡುಪು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವಳು, ತನ್ನ ಸೂಪರ್‌ವೈಸರನ ಕೈಯಲ್ಲೇ ಕೊಲೆಯಾದಳು. ಅವಳು ಹೊಲಿಯುತ್ತಿದ್ದ ಕಾರ್ಖಾನೆಯ ಬಟ್ಟೆ ಎಷ್ಟು ಪರೀಕ್ಷೆಗಳಲ್ಲಿ ಪಾಸಾಗಿ ಯಾವ ಯಾವ ದೇಶ ಸೇರಿತ್ತೋ! ಆದರೆ ಆ ಕಥೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನು ಪ್ರತಿ ಲೈನ್ ಮನೆಯಲ್ಲೂ ತಿಳಿಯಬೇಕು. ತಮಿಳುನಾಡು ಟೆಕ್ಸ್‌ಟೈಲ್ ಅಂಡ್ ಕಾಮನ್ ಲೇಬರ್ ಯೂನಿಯನ್ ಎಂಬ ಹೆಂಗಸರ ಮುಂದಾಳತ್ವದ ಸಂಘ ಹಟ ಬಿಡದೆ ನಿಂತು, 2022ರ ಏಪ್ರಿಲ್‌ನಲ್ಲಿ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಕಂಪೆನಿಯೊಂದಿಗೆ ದಿಂಡಿಗಲ್ ಒಪ್ಪಂದ ಮಾಡಿಕೊಂಡಿತು. ಎಚ್ ಅಂಡ್ ಎಮ್, ಗ್ಯಾಪ್, ಪಿವಿಎಚ್ ಎಂಬ ದೊಡ್ಡ ಬಯ್ಯರುಗಳೂ ಅದಕ್ಕೆ ಬದ್ಧರಾದರು. ಆ ಒಪ್ಪಂದದಂತೆ ಲೈನಿನಲ್ಲಿ ಕೆಲಸ ಮಾಡುವ ಹೆಂಗಸರಿಗೇ ತರಬೇತಿ ಕೊಟ್ಟು, ಕಿರುಕುಳ ಎಲ್ಲಿ ನಡೆಯುತ್ತಿದೆ ಎಂದು ನೋಡುವ ಕೆಲಸ ಒಪ್ಪಿಸಿದರು. ಕಾರ್ಖಾನೆ ಮಾತು ತಪ್ಪಿದರೆ ಬಯ್ಯರು ವ್ಯಾಪಾರದಲ್ಲೇ ಕ್ರಮ ಕೈಗೊಳ್ಳಬೇಕೆಂದು ಬರೆದರು.

ಇದರಲ್ಲಿ ನಮಗೆ ದೊಡ್ಡ ಪಾಠವಿದೆ. ಒಂದು ದಿನ ಬಂದು ಹೋಗುವ ಪರೀಕ್ಷಕನಿಗೆ ಕಾಣದ್ದು ದಿನವೂ ಅಲ್ಲೇ ಕೂತವಳಿಗೆ ಕಾಣುತ್ತದೆ. ಬಟ್ಟೆಯ ಪರೀಕ್ಷೆಗೆ ಬಲ ಬಂದಿರುವುದು ಫೇಲಾದರೆ ಮಾಲು ಹೋಗುವುದಿಲ್ಲ ಎಂಬ ಭಯದಿಂದ. ಮನುಷ್ಯರ ಪರೀಕ್ಷೆಗೂ ಅದೇ ಬಲ ಬಂದರೆ ಮಾತ್ರ ಅದು ಪರೀಕ್ಷೆ. ಇಲ್ಲವಾದರೆ ಗೋಡೆಗೆ ತೂಗುಹಾಕುವ ಸರ್ಟಿಫಿಕೇಟು ಅಷ್ಟೇ.

“ಆರ್ಡರು ಹೋಗಿಬಿಡುತ್ತದೆ” ಎಂಬ ಹೆದರಿಕೆ

ಇಂಥ ಮಾತು ಆಡಿದ ಕೂಡಲೇ, ಬಾಯಿ ಮುಚ್ಚಿಕೊಂಡಿರಿ, ಇಲ್ಲದಿದ್ದರೆ ಆರ್ಡರೆಲ್ಲ ಬಾಂಗ್ಲಾಕ್ಕೋ ವಿಯೆಟ್ನಾಮಿಗೋ ಹೋಗಿ ಮಕ್ಕಳ ಅನ್ನ ಹೋಗುತ್ತದೆ ಎನ್ನುವವರಿದ್ದಾರೆ. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ತೋಟದಲ್ಲಿ ಕೆಲಸ ಕಡಿಮೆಯಾದ ಮನೆಗಳಿಗೆ ಆ ಸಂಬಳ ಎಷ್ಟು ಮುಖ್ಯವೆಂದು ನಮಗೆಲ್ಲ ಗೊತ್ತು. ಆದರೆ ನಡೆದ ಸಂಗತಿಗಳನ್ನೂ ನೋಡಬೇಕು. 2016ರ ಏಪ್ರಿಲ್ 18 ಮತ್ತು 19ರಂದು, ಪ್ರಾವಿಡೆಂಟ್ ಫಂಡಿನ ಹಣ ತೆಗೆಯಲು ಕೇಂದ್ರ ಸರ್ಕಾರ ಹಾಕಿದ ಹೊಸ ಕಟ್ಟುಪಾಡಿನ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ನಮ್ಮೂರಿಗೆ ಬರುವ ಹೊಸೂರು ರಸ್ತೆಯೇ ನಿಂತುಹೋಯಿತು. 19ರಂದೇ ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಕರ್ನಾಟಕದಲ್ಲಿ 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತುಟ್ಟಿಭತ್ಯೆಯನ್ನು, ತಿಂಗಳಿಗೆ ಸುಮಾರು 417 ರೂಪಾಯಿಯನ್ನು, ಕಾರ್ಖಾನೆಗಳು ತಡೆದಿದ್ದವು. ಸಂಘಗಳು ಪಟ್ಟು ಹಿಡಿದ ಮೇಲೆ 2022ರಲ್ಲಿ ಬಾಕಿಯ ಸಮೇತ ಬಂತು. ಉಡುಪಿನ ಉದ್ಯಮ ನಿಂತುಹೋಗಲಿಲ್ಲ.

ಬಯ್ಯರು ಒಂದು ಊರನ್ನು ಆರಿಸುವುದು ಅಗ್ಗದ ಕೂಲಿಗೆ ಮಾತ್ರವಲ್ಲ, ಒಳ್ಳೆಯ ಹೊಲಿಗೆಗೂ ಹೌದು. ಒಳ್ಳೆಯ ಹೊಲಿಗೆ ಬರುವುದು ವರ್ಷಗಟ್ಟಲೆ ನಿಂತು ಕೆಲಸ ಕಲಿತ ಕೈಯಿಂದ. ಬೈಗುಳ ತಾಳಲಾರದೆ ಆರು ತಿಂಗಳಿಗೆ ಬಿಟ್ಟುಹೋಗುವ ಕೈಗಳಿಂದ ಅಲ್ಲ. ಕೆಲಸಗಾರ್ತಿಯನ್ನು ಉಳಿಸಿಕೊಳ್ಳುವ ಕಾರ್ಖಾನೆ ಪರೀಕ್ಷೆಯನ್ನೂ ಗೆಲ್ಲುತ್ತದೆ. ಇದನ್ನು ಮಾಲೀಕರಿಗೆ ವೈರದಿಂದಲ್ಲ, ಅವರ ಹಿತಕ್ಕೂ ಸೇರಿಸಿ ಹೇಳಬೇಕು.

ಕಾನೂನಿನಲ್ಲಿ ಏನಿದೆ, ನಾವು ಕೇಳಬೇಕಾದ್ದೇನು?

ರಿಜೆಕ್ಟ್ ಆದ ಪೀಸಿನ ಬೆಲೆಯನ್ನು ಸಂಬಳದಲ್ಲಿ ಮುರಿಯುತ್ತೇವೆ ಎಂದು ಹೆದರಿಸುವುದುಂಟು. 2019ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಇದಕ್ಕೆ ಕಡಿವಾಣ ಹಾಕಿದೆ. ನಷ್ಟಕ್ಕೆಂದು ಹಣ ಮುರಿಯಬೇಕಾದರೆ ಆ ವಸ್ತುವನ್ನು ಜೋಪಾನ ಮಾಡಲು ಅವಳ ವಶಕ್ಕೇ ಕೊಟ್ಟಿರಬೇಕು, ನಷ್ಟ ಅವಳ ಅಲಕ್ಷ್ಯದಿಂದಲೇ ಆಗಿರಬೇಕು. ಅವಳ ಸಮಜಾಯಿಷಿ ಕೇಳದೆ ಮುರಿಯುವಂತಿಲ್ಲ, ಆದ ನಷ್ಟಕ್ಕಿಂತ ಹೆಚ್ಚು ಮುರಿಯುವಂತಿಲ್ಲ. ದಂಡ ಹಾಕುವುದಾದರೆ ಯಾವ ಯಾವ ತಪ್ಪಿಗೆ ಎಂದು ಮೊದಲೇ ಅನುಮತಿ ಪಡೆದು ನೋಟೀಸು ಹಚ್ಚಿರಬೇಕು, ಅದೂ ಸಂಬಳದ ಶೇಕಡಾ 3ನ್ನು ಮೀರಕೂಡದು. ಓವರ್‌ಟೈಮಿಗೆ ಎರಡರಷ್ಟು ಕೂಲಿ ಕೊಡಬೇಕು, ವೇತನದ ಚೀಟಿ ಕೊಡಬೇಕು. ಓವರ್‌ಟೈಮಿಗೆ ಕೆಲಸಗಾರ್ತಿಯ ಒಪ್ಪಿಗೆ ಬೇಕೆಂದು ಅದೇ ದಿನ ಜಾರಿಗೆ ಬಂದ ಸುರಕ್ಷತೆಯ ಸಂಹಿತೆ ಹೇಳುತ್ತದೆ. ಮೊಂಡು ಸೂಜಿಯಿಂದ ಹಾರಿದ ಹೊಲಿಗೆಗೆ ಟೈಲರಿನ ಸಂಬಳ ಮುರಿಯಲು ಕಾನೂನಿನಲ್ಲಿ ದಾರಿ ಇಲ್ಲ.

ಆದುದರಿಂದ ಪ್ರತಿ ಕಾರ್ಖಾನೆಯಲ್ಲೂ ನಾವು ಕೇಳಬೇಕಾದ್ದು ಇಷ್ಟು.

ಒಂದನೆಯದಾಗಿ, ತಪ್ಪು ಕಂಡಾಗ ಬೈಗುಳದ ಬದಲು ಕಾರಣ ಬರೆಯುವ ಪುಸ್ತಕ ಇರಲಿ. ಸೂಜಿಯೋ, ಬಟ್ಟೆಯೋ, ಕಟಿಂಗೋ, ಕೈಯೋ ಎಂದು ಅಲ್ಲೇ ಬರೆಯಲಿ. ಅಂಗಿಗೆ ಕೊಡುವ ಮರ್ಯಾದೆಯನ್ನಾದರೂ ಅಂಗಿ ಹೊಲಿದವಳಿಗೆ ಕೊಡಲಿ.

ಎರಡನೆಯದಾಗಿ, ಆಲ್ಟ್ರೇಷನ್ ಮಾಡುವ ಹೊತ್ತೂ ಕೆಲಸದ ಹೊತ್ತೇ. ಟಾರ್ಗೆಟ್ ಲೆಕ್ಕದಲ್ಲಿ ಅದನ್ನು ಸೇರಿಸಲಿ. ಬಟ್ಟೆ ತಡವಾಗಿ ಬಂದ ದಿನ ಟಾರ್ಗೆಟ್ ಇಳಿಯಲಿ.

ಮೂರನೆಯದಾಗಿ, ಇನ್‌ಸ್ಪೆಕ್ಷನ್ನಿನ ಹಿಂದಿನ ರಾತ್ರಿ ನಿಲ್ಲಿಸಿಕೊಂಡರೆ ಒಪ್ಪಿಗೆ ಕೇಳಿ ನಿಲ್ಲಿಸಿಕೊಳ್ಳಲಿ, ಪಂಚ್ ಆದ ಮೇಲೆ ಕೆಲಸ ಮಾಡಿಸದಿರಲಿ, ಎರಡರಷ್ಟು ಕೂಲಿಯನ್ನು ಚೀಟಿಯಲ್ಲಿ ತೋರಿಸಲಿ, ಮನೆ ಬಾಗಿಲವರೆಗೆ ಗಾಡಿ ಕೊಡಲಿ.

ನಾಲ್ಕನೆಯದಾಗಿ, ಚೆಕ್ಕರಿನ ಮಾತನ್ನು ಪ್ರೊಡಕ್ಷನ್‌ನವರು ಅಳಿಸಕೂಡದು.

ಐದನೆಯದಾಗಿ, ಮಾಲು ಪಾಸಾಯಿತೋ ಫೇಲಾಯಿತೋ, ಯಾವ ತಪ್ಪಿಗೆ ಎಂಬುದನ್ನು ಲೈನಿನವರಿಗೂ ತಿಳಿಸಲಿ. ಫೇಲಾದಾಗ ಮಾತ್ರ ಕೂಗಿ ಹೇಳಿ, ಪಾಸಾದಾಗ ಮೇಲಿನವರೇ ಸಿಹಿ ಹಂಚಿಕೊಂಡರೆ ಅದು ನ್ಯಾಯವಲ್ಲ.

ತೋಟದಲ್ಲಿರುವ ತಂದೆತಾಯಿಗಳಿಗೂ ಒಂದು ಮಾತು. ಮಗಳನ್ನು ಕಳಿಸುವ ಮುಂಚೆ ಕರೆದೊಯ್ಯಲು ಬಂದವರನ್ನು ಸಂಬಳ ಎಷ್ಟು ಎಂದು ಮಾತ್ರ ಕೇಳಬೇಡಿ. ವೇತನದ ಚೀಟಿ ಕೊಡುತ್ತಾರೆಯೇ, ಪಿ.ಎಫ್., ಇ.ಎಸ್.ಐ. ಇದೆಯೇ, ಹಾಸ್ಟೆಲಿನಿಂದ ಭಾನುವಾರ ದೇವಾಲಯಕ್ಕೆ ಹೋಗಿಬರಲು ಬಿಡುತ್ತಾರೆಯೇ, ರಾತ್ರಿ ಕೆಲಸವಾದರೆ ಹೇಗೆ ಬರುತ್ತಾಳೆ, ಕಿರುಕುಳದ ದೂರು ಕೇಳುವ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿರಿ. ಮಗಳು ಹೋದ ಮೇಲೆ ತಿಂಗಳ ಚೀಟಿಯ ಫೋಟೋ ಕಳಿಸಲು ಹೇಳಿರಿ. ಓದಲು ಬಾರದಿದ್ದರೆ ನಿಮ್ಮ ಧರ್ಮಕೇಂದ್ರದ ಉಪದೇಶಿಗೋ ಸಂಘದವರಿಗೋ ತೋರಿಸಿರಿ. ಅವಳು ಫೋನಿನಲ್ಲಿ ಅತ್ತರೆ, ಸ್ವಲ್ಪ ತಾಳಿಕೋ ಎಂದು ಹೇಳಿ ಮುಗಿಸಬೇಡಿ. ಯಾಕೆ ಎಂದು ಕೇಳಿರಿ.

ಪೋಪ್ ಎರಡನೆಯ ಜಾನ್ ಪಾಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದ ಸಾರ ಇದೇ: ಕೆಲಸಕ್ಕೆ ಬೆಲೆ ಬರುವುದು ಮೊದಲಿಗೆ ಆದ ವಸ್ತುವಿನಿಂದಲ್ಲ, ಮಾಡುವವನು ಮನುಷ್ಯನಾಗಿರುವುದರಿಂದ. ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿ ಇದಕ್ಕೆ ಒಂದು ಸಾಕ್ಷಿಯಿದೆ. ಯೊಪ್ಪ ಊರಿನಲ್ಲಿ ದೊರ್ಕ ಎಂಬವಳು ತೀರಿಹೋದಾಗ ಪೇತ್ರನು ಬಂದನು. ವಿಧವೆಯರು ಅಳುತ್ತಾ ಸುತ್ತಲೂ ನಿಂತು, ಅವಳು ಬದುಕಿದ್ದಾಗ ಹೊಲಿದುಕೊಟ್ಟ ಅಂಗಿ ಬಟ್ಟೆಗಳನ್ನು ಅವನಿಗೆ ತೋರಿಸಿದರು. ಅಲ್ಲಿಯೂ ಬಟ್ಟೆಯನ್ನು ಬಿಡಿಸಿ ಹಿಡಿದು ನೋಡಿದರು. ಆದರೆ ಆ ಹೊಲಿಗೆಯಲ್ಲಿ ಅವರು ಹುಡುಕಿದ್ದು ತಪ್ಪನ್ನಲ್ಲ, ಹೊಲಿದವಳನ್ನು.

ನಮ್ಮ ಮಕ್ಕಳು ಹೊಲಿದ ಅಂಗಿಗಳು ಅಳತೆಗೆ ಸರಿಯಾಗಿಯೇ ಇರಲಿ, ಪರೀಕ್ಷೆ ನಡೆಯಲಿ. ಅದರ ಜೊತೆಯಲ್ಲೇ ಪ್ರತಿ ತಿಂಗಳು ನಮ್ಮ ಕೂಟಗಳಲ್ಲಿ ಇನ್ನೊಂದು ಪರೀಕ್ಷೆಯೂ ನಡೆಯಲಿ. ಯಾರ ಚೀಟಿಯಲ್ಲಿ ಓವರ್‌ಟೈಮ್ ಬಿಟ್ಟುಹೋಗಿದೆ, ಯಾರಿಗೆ ಕಣ್ಣು ನೋಯುತ್ತಿದೆ, ಯಾರು ಹೇಳಲಾರದೆ ಸುಮ್ಮನಿದ್ದಾರೆ ಎಂದು ನಾವೇ ಎಣಿಸಿ ಬರೆಯೋಣ. ಬರೆದದ್ದನ್ನು ಹಿಡಿದು ಮ್ಯಾನೇಜರ ಬಾಗಿಲಿಗೆ ಒಬ್ಬಳನ್ನೇ ಕಳಿಸದೆ, ಎಲ್ಲರೂ ಸೇರಿ ಹೋಗೋಣ. ಇಸ್ರಯೇಲರ ಮೊರೆ ಕೇಳಿದ ದೇವರು ನಮ್ಮ ಮೊರೆಯನ್ನೂ ಕೇಳುವರು.